ಒಂದು ಗೇಣು ಎತ್ತರದ ಜೀಪು

ನನ್ನ ಅತ್ತೆ ಬನಶಂಕರೆವ್ವ ಇಪ್ಪತ್ತಮೂರು ವರ್ಷಗಳಲ್ಲಿ ನನ್ನ ಜೊತೆ ಒಂದೇ ಒಂದು ಮಾತು ಆಡಿರಲಿಲ್ಲ. ಜಗಳ ಏನೂ ಇಲ್ಲ. ನಮ್ಮ ಮನೆತನಗಳ ಮರ್ಯಾದೆ ಅದು. ಅಳಿಯನ ಎದುರು ಅತ್ತೆ ತಲೆ ತುಂಬ ಸೆರಗು ಹೊದ್ದು ನಿಲ್ಲಬೇಕು. ಹೇಳುವುದೇನಾದರೂ ಇದ್ದರೆ ಮೂರನೆಯವರ ಕಡೆ ಮುಖ ಮಾಡಿ ಹೇಳಬೇಕು. ಅಳಿಯ ಅತ್ತೆಯ ಕೈ ಮುಟ್ಟುವುದಂತೂ ಕನಸಿನಲ್ಲೂ ಇಲ್ಲ. ಮೂರನೆಯವರು ಯಾರೂ ಸಿಗದಿದ್ದರೆ ನಮ್ಮ ಅತ್ತೆ ಎಮ್ಮೆಗೆ ಹೇಳುತ್ತಿದ್ದರು.

"ಏ ಎಮ್ಮಿ, ಅಳಿಯಂದಿರಿಗೆ ಇನ್ನೊಂದ ರೊಟ್ಟಿ ಬೇಕೇನ ಕೇಳು."

ಎಮ್ಮೆ ನನ್ನ ಮುಖ ನೋಡುತ್ತಿತ್ತು. ನಾನು ಎಮ್ಮೆಗೆ, "ಸಾಕಂತ ಹೇಳು" ಅನ್ನುತ್ತಿದ್ದೆ. ಇಪ್ಪತ್ತಮೂರು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಮೂರು ಎಮ್ಮೆ ಬದಲಾದವು.

ಈ ವ್ಯವಸ್ಥೆಗೆ ಕುತ್ತು ತಂದದ್ದು ನನ್ನ ಜೀಪು.

ನಾನು ಬೆಟಗೇರಿಯ ನೇಕಾರ. ಹೆಸರು ಕುಬೇರಪ್ಪ. ಕುಬೇರ ಹೆಸರಿನಲ್ಲಿ ಮಾತ್ರ ಇದ್ದಾನೆ. ಸೀರೆ, ಖಣ ಗಂಟು ಕಟ್ಟಿಕೊಂಡು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸಂತೆಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಆ ಗಂಟಿನ ಮೇಲೆ ಕಂಡಕ್ಟರನದು ವಾರಕ್ಕೊಂದು ತಕರಾರು. ಒಂದು ದಿನ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಜನ ಊಟ ಬಿಡುತ್ತಾರೆ, ಊರು ಬಿಡುತ್ತಾರೆ. ನಾನು ಜೀಪು ಕೊಂಡೆ. ಮಿಲಿಟರಿಯವರು ಬಿಟ್ಟದ್ದು, ಆಮೇಲೆ ಒಬ್ಬ ಗುತ್ತಿಗೆದಾರ ಬಿಟ್ಟದ್ದು, ಆಮೇಲೆ ಅವನ ತಮ್ಮ ಬಿಟ್ಟದ್ದು. ಬಿಡದೆ ಹಿಡಿದವನು ನಾನೊಬ್ಬನೇ.

ಅತ್ತೆಯ ಮನೆ ಇರುವುದು ಅಡರಕಟ್ಟಿಯ ಹೊಲದಲ್ಲಿ. ಊರಿನಿಂದ ಎರಡು ಮೈಲು ಚಕ್ಕಡಿ ಹಾದಿ. ಎರೆನೆಲ. ಮಳೆಗಾಲದಲ್ಲಿ ಚಕ್ಕಡಿ ಗಾಲಿಗಳು ಎರಡೂ ಬದಿ ಕೊರೆದು ತಗ್ಗು ಮಾಡುತ್ತವೆ, ನಡುವೆ ಮಣ್ಣಿನ ದಿಣ್ಣೆ ನಿಲ್ಲುತ್ತದೆ. ಚಕ್ಕಡಿಯ ಹೊಟ್ಟೆ ಎತ್ತರ, ಅದು ಹಾಯಾಗಿ ದಾಟುತ್ತದೆ. ಜೀಪಿನ ಹೊಟ್ಟೆ ತಗ್ಗು. ಹಳ್ಳ ದಾಟಿ ಏರುವ ಕಡೆ ಎರಡು ಮಾರು ಉದ್ದದ ಒಂದು ದಿಣ್ಣೆ ಇದೆ. ಅದು ಉಳಿದ ದಿಣ್ಣೆಗಳಿಗೆಲ್ಲ ಗೌಡ. ಆ ವರ್ಷ, ಅಂದರೆ ಎಂಬತ್ತೊಂದರ ಪಂಚಮಿಗೆ ಹೋಗುವಾಗ ಖಾಲಿ ಇದ್ದು ಹೇಗೋ ಉಜ್ಜಿಕೊಂಡು ದಾಟಿದ ನನ್ನ ಜೀಪು ಅತ್ತೆಯನ್ನು ಕರೆತರುವಾಗ ಅದರ ಮೇಲೆ ಹೊಟ್ಟೆ ಊರಿ ಮಲಗಿತು. ನಾಲ್ಕೂ ಗಾಲಿ ರಾಟಿಯ ಹಾಗೆ ತಿರುಗಿದವು, ನೂಲು ಮಾತ್ರ ಬರಲಿಲ್ಲ. ಕೊನೆಗೆ ಒಂದು ಜೋಡಿ ಎತ್ತು ತಂದು ಎಳೆಸಬೇಕಾಯಿತು.

ಅತ್ತೆ ಬಲಗಡೆಯ ಎತ್ತಿಗೆ ಹೇಳಿದರು: "ಎಳಿಯಾವ ನೀನ ಅಂದಮ್ಯಾಲ, ನಿನ್ನ ಚಕ್ಕಡ್ಯಾಗ ಕುಂತಿದ್ರ ಆಗತಿತ್ತಲ್ಲೋ ತಮ್ಮಾ. ಇನ್ನ ಈ ಗಾಡಿ ದಿಣ್ಣಿ ಮುಟ್ಟದ ದಾಟೂಮಟಾ ನಾ ಇದನ್ನ ಹತ್ತಂಗಿಲ್ಲ, ನೀನ ಸಾಕ್ಷಿ."

ಎತ್ತು ಗೋಣು ಹಾಕಿತು.

ದೀಪಾವಳಿ ಮುಗಿದ ಮೇಲೆ ನನ್ನ ಮಗಳು ನೀಲವ್ವ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿಗೆ ಬಂದಳು. ಏಳು ತಿಂಗಳು. ಹಸಿರು ಸೀರೆ ನಾನೇ ನೇಯ್ದು ಇಟ್ಟಿದ್ದೆ. ಶುಕ್ರವಾರ ಹೊತ್ತು ಮುಳುಗುವುದರೊಳಗೆ ಉಡಿ ತುಂಬಬೇಕು ಅಂತ ಅಯ್ಯನವರು ಹೇಳಿದರು. ಮಗಳು ಗೋಡೆಗೆ ಬೆನ್ನು ಕೊಟ್ಟು ಕೂತು ತನ್ನ ಕಾಯಿದೆ ಹೇಳಿದಳು.

"ಮೊದಲನೇ ಉಡಿ ಆಯಿ ತುಂಬಬೇಕು. ಆಯಿ ಬರಲಿಲ್ಲಂದ್ರ ನಾ ಮಣಿ ಮ್ಯಾಲ ಕುಂಡ್ರಂಗಿಲ್ಲ. ಅಪ್ಪಾ, ನೀನ ಕುಂಡ್ರು, ನಿನಗ ಕುಬಸ ಮಾಡತಾರ." ಆಯಿ ಅಂದರೆ ಅವಳಿಗೆ ಅಜ್ಜಿ, ನನಗೆ ಅತ್ತೆ.

ನನ್ನ ಹೆಂಡತಿಯ ತಮ್ಮ ಬಾಬಣ್ಣ ಗದಗಿನಲ್ಲಿ ಕಿರಾಣಿ ಅಂಗಡಿ ಇಟ್ಟವನು. ಕಾಲು ಕಿಲೋ ಸಕ್ಕರೆ ತೂಗಿ ತೂಗಿ ಅವನ ಮಾತೂ ತೂಕದ ಮಾತಾಗಿತ್ತು. ಅವನು ಹೇಳಿದ: "ಮಾಮಾ, ಅವ್ವನ್ನ ನಾ ಚಕ್ಕಡ್ಯಾಗ ಡಾಂಬರ ಹಾದಿಗೆ ತರತೇನಿ. ಅಲ್ಲಿಂದ ಬಸ್ಸು. ನೀವು ಹಂದರ ಹಾಕಸ್ರಿ."

"ಜೀಪ ಇರೋ ಅಳಿಯಾ ಸತ್ತಾನೇನು?" ಅಂದೆ.

"ಇಲ್ರಿ, ಆದ್ರ ಜೀಪು…"

"ಶುಕ್ರವಾರ ಹೊತ್ತ ಮುಳಗೂದರೊಳಗ ನಿಮ್ಮವ್ವ ಈ ಅಂಗಳದಾಗ ನನ್ನ ಜೀಪಿನಿಂದ ಇಳೀಲಿಲ್ಲಂದ್ರ ಜೀಪ ನಿನ್ನ ಹೆಸರಿಗೆ ಬರದ ಕೊಡತೇನಿ!"

"ಬ್ಯಾಡ್ರಿ ಮಾಮಾ," ಅಂದ ಅವನು ಕೈ ಮುಗಿದು. "ನಾ ಅಂಥಾದ್ದೇನ ತಪ್ಪ ಮಾಡೇನಿ?"

ಮಾತು ಓಣಿಯ ಮುಂದೆ ಬಿದ್ದಿತ್ತು. ಇನ್ನು ಹಿಂದೆ ಸರಿಯುವ ಹಾಗಿಲ್ಲ. ಮರುದಿನ ನಾನು ಬಸ್ಸಿನಲ್ಲಿ ಅಡರಕಟ್ಟಿಗೆ ಹೋಗಿ ದಿಣ್ಣೆಯನ್ನು ಅಳೆದು ಬಂದೆ. ಯಾವ ಕೆಲಸವನ್ನೂ ಅಳತೆ ಇಲ್ಲದೆ ಮಾಡುವವನಲ್ಲ ನಾನು. ಬಗ್ಗಿದರೆ ಸೊಂಟ ಹಿಡಿಯುತ್ತದೆಂದು ಪಕ್ಕದ ಹೊಲದವನ ಗುದ್ದಲಿಯನ್ನು ಕೇಳಿ ತಂದು, ಅದನ್ನು ಊರಿ ಹಿಡಿದು, ಕುಕ್ಕರಗಾಲಲ್ಲಿ ಕೂತು ಅಳೆದೆ. ಜೀಪಿನ ಹೊಟ್ಟೆಗಿಂತ ದಿಣ್ಣೆ ಸರಿಯಾಗಿ ಒಂದು ಗೇಣು ಹೆಚ್ಚಿತ್ತು. ಗುದ್ದಲಿಯನ್ನು ಅವನಿಗೆ ವಾಪಸು ಕೊಟ್ಟು, ಉಪಕಾರ ಆಯಿತು ಅಂತ ಹೇಳಿ ಬಂದೆ.

ಜೀಪನ್ನು ಒಂದು ಗೇಣು ಎತ್ತರಿಸಬೇಕು, ಅಷ್ಟೇ. ಹೇಗೆ ಅನ್ನುವುದಕ್ಕೆ ಬೆಟಗೇರಿಯಲ್ಲಿ ಮನೆಗೊಬ್ಬ ಪಂಡಿತ. ಹುಬ್ಬಳ್ಳಿಯಿಂದ ಹೊಸ ಪಾಟಾ ತರಿಸು ಅಂದ ಒಬ್ಬ. ಪಾಟಾ ಅಂದರೆ ಗಾಡಿಯ ಹೊಟ್ಟೆಗೂ ಗಾಲಿಯ ಅಚ್ಚಿಗೂ ನಡುವೆ ಬಿಲ್ಲಿನ ಹಾಗೆ ಬಾಗಿ ಕೂತಿರುವ ಉಕ್ಕಿನ ಪಟ್ಟಿಗಳು. ಅವುಗಳ ದರ ಕೇಳಿದೆ. ಆ ದರಕ್ಕೆ ನಾನೇ ಒಂದು ಗೇಣು ಮೇಲೆ ಎದ್ದೆ. ಟ್ರ್ಯಾಕ್ಟರಿನ ಗಾಲಿ ಹಾಕು ಅಂದ ಇನ್ನೊಬ್ಬ. ಹಾಕಿದರೆ ಜೀಪಿನ ಬಾಗಿಲಲ್ಲಿ ಮನುಷ್ಯ ಹೋಗುವುದಿಲ್ಲ, ಗಾಲಿ ಮಾತ್ರ ಹೋಗುತ್ತದೆ. ಬಾಬಣ್ಣ ಬಂದು, "ನಾಕ ಜಾಲಿ ಕಟಗಿ ತುಂಡ ಅಚ್ಚಿನ ಮ್ಯಾಲ ಇಡ್ರಿ ಮಾಮಾ, ಮಂಚಕ್ಕ ಇಟ್ಟಂಗ" ಅಂದ. ಅವನು ನಗುತ್ತ ಹೇಳಿದನೋ ಖರೆ ಹೇಳಿದನೋ ತಿಳಿಯಲಿಲ್ಲ, ಆದ್ದರಿಂದ ಎರಡಕ್ಕೂ ಸೇರಿಸಿ ಬೈದೆ.

ಹೆಂಡತಿ ಮಲ್ಲವ್ವ ಒಲೆಯ ಮುಂದಿನಿಂದ, "ಅಲ್ರೀ, ದಿಣ್ಣೀನ ಒಂದೀಟ…" ಅಂತ ಶುರು ಮಾಡಿದಳು.

"ಗಾಡಿ ವಿಷಯದಾಗ ಹೆಣ್ಣಮಕ್ಕಳು ಬಾಯಿ ಹಾಕಬಾರದು," ಅಂದೆ. ಅವಳು ಒಲೆಗೆ ಕಟ್ಟಿಗೆ ಹಾಕಿದಳು.

ಕೊನೆಗೆ ಹೋದದ್ದು ಗುಡುಸಾಬನ ಹತ್ತಿರ. ಗದಗಿನಲ್ಲಿ ಲಾರಿಗಳ ಪಾಟಾ ಕಟ್ಟುವವನು. ಹರೆಯದಲ್ಲಿ ಕುಸ್ತಿ ಹಿಡಿದ ಮೈ. ಈಗಲೂ ಸುತ್ತಿಗೆಯನ್ನು ಚಮಚದ ಹಾಗೆ ಆಡಿಸುತ್ತಾನೆ.

"ಹಳೇ ಲಾರಿ ಪಾಟಾ ಅದಾವ್ರಿ ಕುಬೇರಪ್ಪಣ್ಣಾರ. ಕಾಸಿ, ಬಾಗಿಸಿ, ನಿಮ್ಮವುಕ್ಕ ಜೋಡಸ್ತೇನಿ. ಹೊಸದರ ಕಾಲಭಾಗಕ್ಕ ಆಕ್ಕೇತಿ. ಆದ್ರ ಲಾರಿ ಪಾಟಾ ಭಾಳ ಬಿರಸ. ಖಾಲಿ ಇದ್ರ ಒದಿತಾವು. ಮ್ಯಾಲ ಹೇರು ಇದ್ರ ತೊಟ್ಟಲಾಗತಾವು."

"ನಮ್ಮ ಅತ್ತಿ ಅದಾರ, ಹೇರು ಸಾಕು."

"ಎಷ್ಟ ಎತ್ತರ ಮಾಡ್ಲಿ?"

"ಒಂದು ಗೇಣು. ಬರೋಬ್ಬರಿ ಒಂದು ಗೇಣು. ಕಡಿಮಿ ಆದ್ರ ದಿಣ್ಣಿ ತಾಗತೈತಿ."

"ದಿಣ್ಣಿ ಕಲ್ಲಿಂದೇನ್ರಿ?"

"ಮಣ್ಣಿಂದ."

"ಮಣ್ಣಿಂದಾದ್ರ ಅಣ್ಣಾರ, ಅದನ್ನ…"

"ಗುಡುಸಾಬ, ನೀ ಪಾಟಾ ಕಟ್ಟಾಂವೋ, ನನಗ ಶಾಲಿ ಕಲಸಾಂವೋ?"

"ಪಾಟಾ ಕಟ್ಟಾವ್ರಿ," ಅಂದು ಅವನು ತಿದಿ ಒತ್ತಿ ಕುಲುಮೆಗೆ ಗಾಳಿ ಹಾಕಿದ.

ಮೂರು ದಿನದ ಮೇಲೆ ಹೋಗಿ ನೋಡಿದರೆ ನನ್ನ ಜೀಪು ಇರಲಿಲ್ಲ. ಅದರ ಜಾಗದಲ್ಲಿ ಒಂಟೆ ನಿಂತಿತ್ತು. ನನ್ನ ಸೊಂಟಕ್ಕೆ ಬರುತ್ತಿದ್ದ ಸೀಟು ಈಗ ಎದೆಗೆ ಬಂದಿತ್ತು.

"ಇದೇನೋ! ಒಂದ ಗೇಣ ಅಂತ ಹೇಳಿದ್ನಿ!"

"ಒಂದ ಗೇಣ ಐತಲ್ರಿ," ಅಂತ ಗುಡುಸಾಬ ತನ್ನ ಕೈ ಬಿಚ್ಚಿ ಪಾಟಾದ ಪಕ್ಕ ಇಟ್ಟು ತೋರಿಸಿದ. ಬರೋಬ್ಬರಿ ಒಂದು ಗೇಣು. ಅವನ ಕೈ ಬಿಚ್ಚಿದರೆ ಮೊರ. ನನ್ನದು ನೂಲು ಜೋಡಿಸುವ ಕೈ. ಅವನ ಒಂದು ಗೇಣಿನಲ್ಲಿ ನನ್ನವು ಒಂದೂವರೆ ಕೂರುತ್ತವೆ. ತಪ್ಪು ಯಾರದು? ಗೇಣಿನದು. ಅದನ್ನು ಬೈಯುವಂತಿಲ್ಲ.

"ಹೆಚ್ಚಾದ್ರ ಛಲೋ ಆತ ಬಿಡು," ಅಂದೆ. ಗಂಡಸಾದವನು ಎತ್ತರದ ಬಗ್ಗೆ ಅಳಬಾರದು.

ಓಣಿಗೆ ತರುವಷ್ಟರಲ್ಲಿ ನನ್ನ ಹಲ್ಲುಗಳು ಒಂದಕ್ಕೊಂದು ಹೊಸದಾಗಿ ಪರಿಚಯ ಮಾಡಿಕೊಂಡಿದ್ದವು. ಒಂದು ಉಳ್ಳಾಗಡ್ಡಿ ಸಿಪ್ಪೆ ಹಾದಿಯಲ್ಲಿ ಬಿದ್ದಿದ್ದರೂ ಅದು ಸೀಟಿನ ಮೂಲಕ ನನ್ನ ನೆತ್ತಿಗೆ ಖಬರ ಮುಟ್ಟಿಸುತ್ತಿತ್ತು. ದೀಪ ಹಚ್ಚಿ ನೋಡಿದೆ. ಮೊದಲು ಹಾದಿಗೆ ಬೀಳುತ್ತಿದ್ದ ಬೆಳಕು ಈಗ ಎದುರು ಮನೆಯ ಮಾಳಿಗೆಯ ಬೆಕ್ಕಿನ ಮೇಲೆ ಬಿತ್ತು. ಎದುರು ಮನೆಯ ಲಾಲಬಿ ಹೊರಗೆ ಬಂದು ಗಲ್ಲಕ್ಕೆ ಕೈ ಹಚ್ಚಿದಳು.

"ಕುಬೇರಪ್ಪಣ್ಣಾ, ಮ್ಯಾಲ ಹವಾ ಹೆಂಗೈತಿ?"

ನಾನು ದೀಪ ಆರಿಸಿದೆ. ಮೇಲಿರುವವರು ಕೆಳಗಿನ ಮಾತಿಗೆಲ್ಲ ಉತ್ತರ ಕೊಡಬಾರದು.

ಶುಕ್ರವಾರ ಮುಂಜಾನೆ ಅಡರಕಟ್ಟಿಯ ಹಾದಿ ಹಿಡಿದೆ. ಹಳ್ಳ ದಾಟಿದೆ. ಏರಿನಲ್ಲಿ ಆ ದಿಣ್ಣೆ ಕಂಡಿತು. ಕಣ್ಣು ಮುಚ್ಚಿ ಬನಶಂಕರಿಯನ್ನು ನೆನೆದೆ — ದೇವಿಯನ್ನು, ಅತ್ತೆಯನ್ನಲ್ಲ — ಮತ್ತು ಹೊಡೆದೆ. ಜೀಪು ದಿಣ್ಣೆಯ ಮೇಲಿಂದ ಹಾಯಿತು. ಒಂದು ಹುಲ್ಲುಕಡ್ಡಿ ಬಗ್ಗಲಿಲ್ಲ! ನಾನು ಅತ್ತೆಯ ಮನೆ ಮುಟ್ಟುವವರೆಗೂ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ.

ಅತ್ತೆ ಹೊಸ ಇಳಕಲ್ಲ ಸೀರೆ ಉಟ್ಟು, ಪಕ್ಕದಲ್ಲಿ ಬಿದಿರು ಬುಟ್ಟಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಬುಟ್ಟಿಯಲ್ಲಿ ಕರ್ಚಿಕಾಯಿ, ಎಳ್ಳುಂಡಿ. ಪಕ್ಕದ ಹೊಲದ ಬಸವಣ್ಣೆವ್ವ ಕಳಿಸಿಕೊಡಲು ಬಂದು ನಿಂತಿದ್ದಳು. ಅತ್ತೆಗಿಂತ ಹತ್ತು ವರ್ಷ ದೊಡ್ಡವಳು, ಗಾಳಿ ಬೀಸಿದರೆ ಬಾಗುವ ಮೈ.

"ದಿಣ್ಣಿ ಮುಟ್ಟಲಿಲ್ಲಂತ ಹೇಳ್ರಿ," ಅಂತ ನಾನು ಬಸವಣ್ಣೆವ್ವನಿಗೆ ಹೇಳಿದೆ.

"ಮುಟ್ಟಲಿಲ್ಲಂತ," ಅಂದಳು ಅವಳು.

ಅತ್ತೆ ಎದ್ದು ಬಂದು ಜೀಪಿನ ಹತ್ತಿರ ನಿಂತರು. ಮೇಲೆ ನೋಡಿದರು. ಸೆರಗು ಹಿಂದೆ ಜಾರಿತು, ಸರಿಮಾಡಿಕೊಂಡು ಇನ್ನೊಂದು ಸಲ ಮೇಲೆ ನೋಡಿದರು.

"ಬಸವಣ್ಣೆವ್ವಾ, ಜೀಪ ಛಲೋ ಐತಿ. ಏಣಿ ಎಲ್ಲಿ ಐತಿ ಕೇಳು."

ಇದು ನನ್ನ ತಲೆಗೆ ಬಂದಿರಲಿಲ್ಲ. ಅತ್ತೆಯ ಮೊಣಕಾಲು ಹೊಸ್ತಿಲಿಗಿಂತ ಎತ್ತರ ಏಳುವುದಿಲ್ಲ. ಮಣೆ ಇಟ್ಟೆ, ಸಾಲದು. ಮಣೆಯ ಮೇಲೆ ಕುಟ್ಟುವ ಒಳ್ಳನ್ನು ಡಬ್ಬು ಹಾಕಿದೆ. ಅದರ ಮೇಲೆ ಹತ್ತುವುದಕ್ಕೇ ಇನ್ನೊಂದು ಮಣೆ ಬೇಕಾಯಿತು. ನಾನು ಕೈ ಹಿಡಿದು ಎತ್ತುವಂತಿಲ್ಲ. ಬಸವಣ್ಣೆವ್ವ ಎತ್ತಿದರೆ ಇಬ್ಬರನ್ನೂ ಎತ್ತಲು ಮತ್ತೆ ಜನ ಬೇಕು. ಹೊತ್ತು ನೆತ್ತಿಗೆ ಬಂತು. ನನಗೆ ಸಿಟ್ಟು ಬಂದು ಗಾಲಿಗೆ ಒದ್ದೆ. ಜೀಪು ಅಲುಗಾಡಲಿಲ್ಲ, ನಾನು ಒಂಟಿ ಕಾಲಲ್ಲಿ ಅಂಗಳ ಸುತ್ತಿದೆ.

ದಾರಿ ತೋರಿಸಿದವಳು ಬಸವಣ್ಣೆವ್ವ. "ಚಕ್ಕಡಿ ಹೇರಿದ್ರ ಕುಂಡ್ರತೈತಿ. ಇದೂ ಕುಂಡ್ರತೈತೇನ ನೋಡ್ರಿ. ಒಳಗ ಶೇಂಗಾ ಚೀಲ ಅದಾವಲ್ಲ."

ಗುಡುಸಾಬನೂ ಇದನ್ನೇ ಅಂದಿದ್ದ: ಹೇರು ಇದ್ದರೆ ತೊಟ್ಟಿಲು! ಒಳಗಿನಿಂದ ಒಂದೊಂದೇ ಶೇಂಗಾ ಚೀಲ ಹೊತ್ತು ತಂದು ಹೇರಿದೆ. ನಾಲ್ಕಕ್ಕೆ ಜೀಪು ನಿಟ್ಟುಸಿರು ಬಿಟ್ಟಿತು. ಎಂಟಕ್ಕೆ ಮಂಡಿ ಊರಿತು. ಮೇಲೆ ಎರಡು ಚೀಲ ಉಳ್ಳಾಗಡ್ಡಿ ಹಾಕಿದ ಮೇಲೆ ಹಳೆಯ ಎತ್ತರಕ್ಕೇ ಬಂದು ಸಭ್ಯವಾಗಿ ಕೂತಿತು. ಅತ್ತೆ ಹೊಸ್ತಿಲು ದಾಟಿದ ಹಾಗೆ ಹತ್ತಿ, ಹಿಂದಿನ ಸೀಟಿನಲ್ಲಿ ಚೀಲಗಳ ನಡುವೆ ನನಗೆ ಬೆನ್ನು ಹಾಕಿ ಕೂತು, ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಜೀಪು ಖರೆಖರೆ ತೊಟ್ಟಿಲಾಯಿತು. ಎಷ್ಟು ಮೆತ್ತಗೆ ಅಂದರೆ ಅತ್ತೆಗೆ ತೂಕಡಿಕೆ ಬಂತು. ನಾನು ಸೀಟಿ ಹೊಡೆಯುತ್ತ ದಿಣ್ಣೆಯ ಹತ್ತಿರ ಬಂದೆ. ಹಳೆಯ ಎತ್ತರಕ್ಕೆ ಬಂದ ಜೀಪಿಗೆ ಹಳೆಯ ದಿಣ್ಣೆ ಏನು ಮಾಡುತ್ತದೆ ಅನ್ನುವ ವಿಚಾರ ದಿಣ್ಣೆಯ ಮೇಲೆ ಹೊಟ್ಟೆ ಊರಿದ ಮೇಲೆ ಬಂತು. ನಾಲ್ಕು ಗಾಲಿ, ರಾಟಿ, ನೂಲಿಲ್ಲ.

ಅತ್ತೆ ಎಚ್ಚರಾದರು. ಎಮ್ಮೆ ಇಲ್ಲ, ಎತ್ತಿಲ್ಲ, ಬಸವಣ್ಣೆವ್ವ ಇಲ್ಲ. ಬುಟ್ಟಿಯ ಕಡೆ ಬಗ್ಗಿದರು.

"ಬುಟ್ಟೆವ್ವಾ, ಊರ ಬಂತೇನ ಕೇಳು."

"ದಿಣ್ಣಿ ಬಂತಂತ ಹೇಳು," ಅಂದೆ ನಾನು.

"ಮುಟ್ಟಿತೇನ ಕೇಳು."

"ಹೇರಿಂದ ಮುಟ್ಟಿತು, ಜೀಪಿಂದ ಅಲ್ಲಂತ ಹೇಳು!"

ಚೀಲ ಇಳಿಸಿದರೆ ಜೀಪು ಏಳುತ್ತದೆ. ಆದರೆ ಅತ್ತೆ ಇಳಿಯುವುದಿಲ್ಲ. ಇಳಿದರೆ ಆ ಏರಿನಲ್ಲಿ ಮತ್ತೆ ಹತ್ತಿಸುವವರು ಯಾರು? ಹತ್ತೂ ಚೀಲ ಇಳಿಸಿದೆ. ಒಂದೊಂದು ಚೀಲ ಇಳಿದಂತೆ ಅತ್ತೆ ಬುಟ್ಟಿ ಸಮೇತ ಮೇಲೆ ಮೇಲೆ ಏರಿದರು, ಪಲ್ಲಕ್ಕಿಯಲ್ಲಿ ದೇವಿ ಎದ್ದ ಹಾಗೆ. ದಿಣ್ಣೆ ದಾಟಿಸಿ ಆಚೆ ನಿಲ್ಲಿಸಿದೆ. ಬೆಟಗೇರಿಯಲ್ಲಿ ಅತ್ತೆ ಇಳಿಯಬೇಕಾದರೆ ಹೇರು ಬೇಕಲ್ಲ, ಆಮೇಲೆ ಹತ್ತು ಚೀಲಗಳನ್ನು ಎರಡು ಮಾರು ಹೊತ್ತು ತಂದು ಹೇರಿದೆ. ಪಕ್ಕದ ಹೊಲದವನು ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಬದುವಿನ ಮೇಲೆ ನಿಂತು ಎಲ್ಲವನ್ನೂ ನೋಡಿದ.

"ಗುದ್ದಲಿ ಬೇಕೇನ್ರಿ ಇವತ್ತೂ?" ಅಂತ ಕೇಳಿದ.

"ಅಳತಿ ಮುಗದೈತಿ!" ಅಂತ ಒದರಿದೆ. ಹಿಂದಿನ ಸೀಟಿನಲ್ಲಿ ಅತ್ತೆ ಅವನ ಗುದ್ದಲಿಯ ಕಡೆ ನೋಡಿದರು, ದಿಣ್ಣೆಯ ಕಡೆ ನೋಡಿದರು. ಆಮೇಲೆ ಬುಟ್ಟಿಯ ಕಡೆ ನೋಡಿದರು.

ಶಿರಹಟ್ಟಿಯ ಹತ್ತಿರ ಮಾಲು ತಪಾಸಣೆ ಮಾಡುವ ಒಂದು ನಾಕಾ. ಕಾರಕೂನ ಕೈ ಅಡ್ಡ ಹಾಕಿದ. ಚೀಲ ಎಣಿಸಿದ.

"ಮಾಲು ಪ್ಯಾಟಿಗೆ ಹೊಂಟೈತಿ. ಪಾವತಿ ಎಲ್ಲಿ?"

"ಮಾಲಲ್ರಿ ಇದು, ಕುಬಸ!" ಅಂದೆ.

"ಎಂಟ ಚೀಲ ಶೇಂಗಾ, ಎರಡ ಚೀಲ ಉಳ್ಳಾಗಡ್ಡಿ ಕುಬಸ? ಬಸುರಿ ಯಾರ್ರಿ, ಆನೀನ?"

"ನನ್ನ ಮಗಳಿಗೆ ಆನಿ ಅಂತೀಯಾ!" ಅಂತ ನಾನು ಕೆಳಗೆ ಹಾರಿದೆ. ಅಷ್ಟರಲ್ಲಿ ಹಿಂದಿನಿಂದ ಮೆಲ್ಲಗೆ ದನಿ ಬಂತು.

"ಬುಟ್ಟೆವ್ವಾ, ಸಾಹೇಬರಿಗೆ ಹೇಳು. ಇದು ಮಾರಾಕ ಅಲ್ಲ, ತಿನ್ನಾಕೂ ಅಲ್ಲ. ಮುದುಕಿ ಜೀಪ ಹತ್ತಲಿ ಅಂತ ಹೇರ್ಯಾರ. ಇದನ್ನ ಇಳಿಸಿದ್ರ ನಾ ಮ್ಯಾಲ ಹೊಕ್ಕೇನಿ. ಸುಳ್ಳಂದ್ರ ಇಳಿಸಿ ನೋಡಂತ ಹೇಳು."

ಕಾರಕೂನ ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ. ಎರಡು ಚೀಲ ಇಳಿಸಿ ನೋಡಿದ. ಅತ್ತೆ ನಾಲ್ಕು ಬೆರಳು ಮೇಲೆ ಹೋದರು. ಅವನು ಲಗುಬಗೆಯಿಂದ ಚೀಲಗಳನ್ನು ತಾನೇ ವಾಪಸು ಹೇರಿ ಬುಟ್ಟಿಗೆ ಕೈ ಮುಗಿದ.

"ಹೋಗಂತ ಹೇಳವ್ವಾ, ಹೋಗಂತ ಹೇಳು. ಪುಸ್ತಕದಾಗ ಇದಕ್ಕ ಕಾಲಮ್ ಇಲ್ಲ."

ಬೆಟಗೇರಿ ಮುಟ್ಟಿದಾಗ ಹೊತ್ತು ಇನ್ನೂ ಎರಡು ಆಳು ಎತ್ತರ ಇತ್ತು. ಗೆದ್ದೆ ಅಂದುಕೊಂಡೆ. ಇಡೀ ಓಣಿ ಹಂದರದ ಕೆಳಗೆ ನೆರೆದಿತ್ತು. "ಆಯಿ ಬಂದ್ಲು!" ಅಂತ ನೀಲವ್ವ ಕೂಗಿದಳು. ನಾನು ಇಂಜಿನ್ ಬಂದ್ ಮಾಡಿ, ಮೀಸೆ ಸರಿಮಾಡಿಕೊಂಡು, ಬಾಬಣ್ಣ ಎಲ್ಲಿದ್ದಾನೆ ಅಂತ ಹುಡುಕಿದೆ. ಅವನು ಜೀಪಿನ ಹಿಂದೆ ಇದ್ದ. ಪಾಪ, ಸಹಾಯ ಮಾಡುವ ಮನುಷ್ಯ. ಓಣಿಯ ಗಂಡಸರನ್ನು ಕರೆದು, ಒಬ್ಬೊಬ್ಬರಿಗೆ ಒಂದೊಂದು ಚೀಲ ಹೊರಿಸಿ, ನಾನು ತಿರುಗುವುದರೊಳಗೆ ಹತ್ತೂ ಚೀಲ ಮನೆಯೊಳಗೆ ಕಳಿಸಿಬಿಟ್ಟಿದ್ದ.

ಅತ್ತೆ ಮೇಲಿದ್ದರು. ಅವರ ತಲೆ ಹಂದರದ ಮಾವಿನ ತೋರಣದೊಳಗೆ ಹೋಗಿತ್ತು.

"ಅವ್ವಾ, ಇಳಿ," ಅಂದ ಬಾಬಣ್ಣ, ಕೈ ಚಾಚಿ.

"ಸರಿಯೋ ಆಚಿ. ನನ್ನ ಕೆಳಗ ನೀ ಸಿಕ್ಕಿ ಅಂದ್ರ ಇವತ್ತ ಈ ಮನ್ಯಾಗ ಕುಬಸ ಬಿಟ್ಟ ಬ್ಯಾರೇ ಕಾರ್ಯ ಮಾಡಬೇಕಾಕ್ಕೇತಿ."

"ಚೀಲ ತರ್ರಿ!" ಅಂತ ನಾನು ಕೂಗಿದೆ. ಚೀಲಗಳು ಅಡುಗೆಮನೆಯ ಒಳಗಿನ ಕೋಣೆ ಸೇರಿದ್ದವು, ಬಾಗಿಲಿಗೆ ಅಡ್ಡ ಹೆಣ್ಣುಮಕ್ಕಳು ಹೋಳಿಗೆ ಬೇಯಿಸಲು ಕೂತಿದ್ದರು. ಅಯ್ಯನವರು ಹಂದರದ ಹೊರಗೆ ಬಂದು ಹೊತ್ತು ನೋಡಿದರು. ಅದು ಎದುರು ಮಾಳಿಗೆಯ ಬೆಕ್ಕಿನ ಬೆನ್ನಿಗೆ ಬಂದಿತ್ತು.

"ಕುಬೇರಪ್ಪ, ಇನ್ನ ಅರ್ಧಾ ತಾಸು ಇಲ್ಲ."

ನೀಲವ್ವನ ಕಣ್ಣು ತುಂಬಿತು. ನಾನು ಸಿಟ್ಟಿನ ಮನುಷ್ಯ, ಅಳುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು. "ನೋಡ್ಕೋತ ಏನ ನಿಂತೀರಿ? ಚೀಲ ಇಲ್ಲಂದ್ರ ನೀವ ಚೀಲ ಆಗ್ರಿ! ಹತ್ರೀ ಎಲ್ಲಾರೂ!"

ಮೊದಲು ಜೋತುಬಿದ್ದವಳು ಲಾಲಬಿ. ಆಮೇಲೆ ಬಾಬಣ್ಣ ಬಾನೆಟ್ಟು ಹತ್ತಿದ. ಆಮೇಲೆ ಓಣಿಗೆ ಓಣಿಯೇ ಬಂದು ಮುಂದಿನ ಬಂಪರಿಗೆ, ಬಾಗಿಲಿಗೆ, ಹಿಂದಿನ ಕೊಂಡಿಗೆ ಬಾವಲಿಗಳ ಹಾಗೆ ಜೋತುಬಿತ್ತು. ಬಾನೆಟ್ಟಿನ ಮೇಲೆ ಐದು ಜನ. ಅಯ್ಯನವರೂ ಪಂಚಾಂಗ ಕಂಕುಳಲ್ಲಿ ಇಟ್ಟುಕೊಂಡು ಒಂದು ಕಾಲು ಇಟ್ಟರು. ಗುಡುಸಾಬನ ಪಾಟಾ ಕಿರ್ ಅಂದಿತು, ಬಾಗಿತು. ಅತ್ತೆ ತೋರಣದಿಂದ ಹೊರಗೆ ಬಂದರು. ನಾಲ್ಕು ಬೆರಳು, ಎಂಟು ಬೆರಳು, ಒಂದು ಗೇಣು. ಯಾರ ಗೇಣು ಅಂತ ಆಗ ಯಾರೂ ಕೇಳಲಿಲ್ಲ.

ಅತ್ತೆ ಹೊಸ್ತಿಲು ದಾಟಿದ ಹಾಗೆ ಇಳಿದು ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ನನ್ನ ಎದುರು ಬಂದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವರು ಮುಂದೆ ಹೋಗಲಿಲ್ಲ. ನಿಂತರು. ಸೆರಗನ್ನು ನಾಲ್ಕು ಬೆರಳು ಹಿಂದೆ ಸರಿಸಿದರು. ಓಣಿ 'ಹಾ' ಅಂದಿತು. ಇಪ್ಪತ್ತಮೂರು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು. ಜೀಪಿನಲ್ಲಿ ಕರೆತಂದ ಅಳಿಯನಿಗೆ ಒಂದು ಒಳ್ಳೆಯ ಮಾತು ಬರುತ್ತಿದೆ, ಎಲ್ಲರೂ ಕೇಳಲಿ ಅಂತ ಎದೆ ಮುಂದೆ ಮಾಡಿ ನಿಂತೆ.

"ಅಳಿಯಂದಿರ," ಅಂದರು ಅತ್ತೆ, "ಆ ದಿಣ್ಣಿ ಮಣ್ಣಿಂದ ಐತಿ. ನಿಮ್ಮ ಮನ್ಯಾಗ ಗುದ್ದಲಿ ಇಲ್ಲೇನ್ರಿ?"

ಓಣಿ ನಕ್ಕಿತು. ನಗುವಿಗೆ ಕೈ ಸಡಿಲಾಗಿ ಜೋತುಬಿದ್ದವರೆಲ್ಲ ಒಮ್ಮೆಗೇ ಬಿದ್ದರು. ಜೀಪು ಠಣ್ಣನೆ ಮೇಲೆ ಎದ್ದು, ಬಾನೆಟ್ಟಿನ ಮೇಲೆ ಉಳಿದಿದ್ದ ಬಾಬಣ್ಣನ ತಲೆಯನ್ನು ತೋರಣಕ್ಕೆ ಸಿಕ್ಕಿಸಿತು. ಮಲ್ಲವ್ವ ಮಾತ್ರ ನಗಲಿಲ್ಲ. ಅವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಒಲೆಯ ಮುಂದೆ ಅರ್ಧಕ್ಕೆ ನಿಂತ ಅವಳ ಮಾತು ನನಗೆ ಆಗ ಪೂರ್ತಿ ಕೇಳಿಸಿತು.

ಬೆಕ್ಕಿನ ಬೆನ್ನಿನಿಂದ ಹೊತ್ತು ಜಾರುವ ಮುಂಚೆ ಆಯಿ ಮೊಮ್ಮಗಳ ಉಡಿ ತುಂಬಿದರು. ಜೀಪು ನನ್ನ ಹೆಸರಿನಲ್ಲೇ ಉಳಿಯಿತು. ಬಾಬಣ್ಣ ಅದಕ್ಕೆ ದೇವರಿಗೆ ಕಾಯಿ ಒಡೆಸಿದ.

ಐದು ದಿನದ ಮೇಲೆ ಅತ್ತೆಯನ್ನು ಬಿಡಲು ಹೊರಟೆ. ಓಣಿ ಇನ್ನೊಮ್ಮೆ ಜೋತುಬಿದ್ದು ಹತ್ತಿಸಿ ಕೊಟ್ಟಿತು. ಈ ಸಲ ಹೇರು ಇರಲಿಲ್ಲ. ಸೀಟಿನ ಕೆಳಗೆ ಹೊಸ ಗುದ್ದಲಿ ಇತ್ತು. ನಾನೇನು ಕಲಿಯದ ಮನುಷ್ಯನಲ್ಲ. ದಿಣ್ಣೆಯ ಹತ್ತಿರ ಜೀಪು ನಿಲ್ಲಿಸಿ, ಅಂಗಿ ಬಿಚ್ಚಿ, ಅರ್ಧ ತಾಸು ಅಗೆದೆ. ಒಣಗಿದ ಎರೆಮಣ್ಣು, ಕಲ್ಲಿಗಿಂತ ಕಲ್ಲು. ಅಂಗೈಯಲ್ಲಿ ಬೊಬ್ಬೆ ಎದ್ದವು. ಆ ಎರಡು ಮಾರು ಹಾದಿ ಸಾರಿಸಿದ ಅಂಗಳದ ಹಾಗೆ ಆಯಿತು. ಬೆವರು ಒರೆಸಿಕೊಂಡು ಜೀಪು ಹತ್ತಿ, ಮೆಲ್ಲಗೆ ದಾಟಿಸಿದೆ.

ಹಿಂದಿನ ಸೀಟಿನಲ್ಲಿ ಅತ್ತೆ ತಲೆ ತುಂಬ ಸೆರಗು ಎಳೆದುಕೊಂಡರು. ಬುಟ್ಟಿಯ ಕಡೆ ಬಗ್ಗಿದರು.

"ಬುಟ್ಟೆವ್ವಾ, ಖಾಲಿ ಜೀಪು ಇಷ್ಟ ಎತ್ತರ ಐತಿ. ಇವತ್ತ್ಯಾಕ ದಿಣ್ಣಿ ಅಗದ್ರು, ಕೇಳು."

ಬುಟ್ಟಿ ಕೇಳುವುದರೊಳಗೆ ನಾನು ಹಾರ್ನ್ ಒತ್ತಿದೆ. ಅತ್ತೆಯ ಮನೆ ಮುಟ್ಟುವವರೆಗೂ ಕೈ ತೆಗೆಯಲಿಲ್ಲ.